ಕ್ರೋಮೊಗ್ರಾನಿನ್ 'ಹೈ' ಬಂದರೆ ಕ್ಯಾನ್ಸರ್ ಅಂತಲೇ ಅರ್ಥವೇ? ನ್ಯೂರೋಎಂಡೋಕ್ರೈನ್ ಗೆಡ್ಡೆಯ ಪರೀಕ್ಷೆಗಳು ಹೇಳುವುದೇನು, ಹೇಳದಿರುವುದೇನು

ನಮ್ಮ ಓದುಗರೊಬ್ಬರು ಈಚೆಗೆ ತಮ್ಮ ತಾಯಿಯ ಲ್ಯಾಬ್ ರಿಪೋರ್ಟಿನ ಫೋಟೊ ಕಳಿಸಿದ್ದರು. ತುಂಬಾ ದಿನದಿಂದ ಹೊಟ್ಟೆ ಸರಿಯಿಲ್ಲ ಎಂದು ಮಾಡಿಸಿದ ಪರೀಕ್ಷೆಗಳ ಪಟ್ಟಿಯಲ್ಲಿ 'ಕ್ರೋಮೊಗ್ರಾನಿನ್ ಎ' ಎಂಬುದರ ಎದುರು ದಪ್ಪ ಅಕ್ಷರದಲ್ಲಿ 'ಹೈ' ಎಂದಿತ್ತು. ಆ ಹೆಸರನ್ನು ಗೂಗಲ್ ಮಾಡಿದರೆ ಸಿಗುವುದು ನ್ಯೂರೋಎಂಡೋಕ್ರೈನ್ ಟ್ಯೂಮರ್ ಎಂಬ ಗೆಡ್ಡೆಯ ವಿಷಯ. ಫ್ಯಾಮಿಲಿ ಗ್ರೂಪಿನಲ್ಲಿ ಯಾರೋ ಆಗಲೇ 'ಇರ್ಫಾನ್ ಖಾನ್‌ಗೆ ಬಂದಿದ್ದು ಇದೇ' ಎಂದು ಹಾಕಿಯೂ ಆಗಿತ್ತು. ಎರಡು ದಿನದಿಂದ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿಲ್ಲ ಎಂದು ಅವರು ಬರೆದಿದ್ದರು.

ನಾವು ಡಾಕ್ಟರಲ್ಲ, ಯಾರ ರಿಪೋರ್ಟನ್ನೂ ಓದಿ ಕಾಯಿಲೆ ಹೇಳುವುದಿಲ್ಲ. ನಾವು ಕೇಳಿದ್ದು ಒಂದೇ ಪ್ರಶ್ನೆ: ಅಮ್ಮ ಗ್ಯಾಸ್ಟ್ರಿಕ್ ಮಾತ್ರೆ ತೆಗೆದುಕೊಳ್ಳುತ್ತಾರಾ? 'ಹೌದು, ಐದಾರು ವರ್ಷದಿಂದ, ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ' ಎಂದು ಉತ್ತರ ಬಂತು. ಈ ವಿಷಯವನ್ನು ರಕ್ತ ತೆಗೆದವರು ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ. ಇದನ್ನು ಡಾಕ್ಟರಿಗೆ ಮೊದಲು ತಿಳಿಸಿ ಎಂದೆವು. ಆ ಮಾತ್ರೆಗೂ ಈ 'ಹೈ'ಗೂ ಏನು ಸಂಬಂಧ ಎಂಬಲ್ಲಿಂದಲೇ ಶುರು ಮಾಡಬಹುದಿತ್ತು. ಆದರೆ ಮೊದಲು ಈ ಗೆಡ್ಡೆ ಯಾವುದು ಎಂಬುದನ್ನು ನೋಡಬೇಕು.

ನ್ಯೂರೋ ಅಂದರೆ ಮಿದುಳಲ್ಲ

ನಮ್ಮ ಜಠರ, ಕರುಳು, ಶ್ವಾಸಕೋಶ, ಮೇದೋಜೀರಕ ಗ್ರಂಥಿಗಳಲ್ಲಿ ಅಲ್ಲಲ್ಲಿ ಚದುರಿದಂತೆ ಕೆಲವು ವಿಶೇಷ ಕೋಶಗಳಿವೆ. ನರಕೋಶಗಳ ಹಾಗೆ ಸಂಕೇತ ಪಡೆದು, ಗ್ರಂಥಿಗಳ ಹಾಗೆ ಹಾರ್ಮೋನ್ ಬಿಡುಗಡೆ ಮಾಡುವುದು ಇವುಗಳ ಕೆಲಸ. ಹಾಗಾಗಿ 'ನ್ಯೂರೋ' ಮತ್ತು 'ಎಂಡೋಕ್ರೈನ್' ಎರಡೂ ಸೇರಿದ ಹೆಸರು. ಇವುಗಳಲ್ಲಿ ಹುಟ್ಟುವ ಗೆಡ್ಡೆಯೇ ನ್ಯೂರೋಎಂಡೋಕ್ರೈನ್ ಟ್ಯೂಮರ್, ಚಿಕ್ಕದಾಗಿ ನೆಟ್. 2018ರ ಮಾರ್ಚ್‌ನಲ್ಲಿ ನಟ ಇರ್ಫಾನ್ ಖಾನ್ ತಮಗೆ ಈ ಕಾಯಿಲೆ ಇದೆ ಎಂದು ತಿಳಿಸಿದಾಗ ಬಹಳ ಜನ ಅದನ್ನು ಮಿದುಳಿನ ಗೆಡ್ಡೆ ಎಂದೇ ಹಂಚಿಕೊಂಡಿದ್ದರು. ನ್ಯೂರೋ ಎಂದ ಮಾತ್ರಕ್ಕೆ ಮಿದುಳು ಎಂದುಕೊಳ್ಳಬೇಡಿ ಎಂದು ಅವರೇ ಸ್ಪಷ್ಟಪಡಿಸಬೇಕಾಯಿತು. 2011ರಲ್ಲಿ ತೀರಿಕೊಂಡ ಆಪಲ್ ಸಂಸ್ಥಾಪಕ ಸ್ಟೀವ್ ಜಾಬ್ಸ್ ಅವರಿಗಿದ್ದದ್ದೂ ಮೇದೋಜೀರಕ ಗ್ರಂಥಿಯ ಇಂಥದೇ ಗೆಡ್ಡೆ. ಮೇದೋಜೀರಕದ ಸಾಮಾನ್ಯ ಕ್ಯಾನ್ಸರ್‌ಗಿಂತ ಇದು ಬೇರೆ ಜಾತಿಯದು, ಅನೇಕ ಸಲ ನಿಧಾನವಾಗಿ ಬೆಳೆಯುವಂಥದು.

ಇದು ಅಪರೂಪದ ಕಾಯಿಲೆ. ಅಮೆರಿಕದ ಕ್ಯಾನ್ಸರ್ ನೋಂದಣಿಯ ಪ್ರಕಾರ 1973ರಲ್ಲಿ ಲಕ್ಷಕ್ಕೆ 1.09 ಮಂದಿಯಲ್ಲಿ ಪತ್ತೆಯಾಗುತ್ತಿದ್ದದ್ದು 2012ರ ಹೊತ್ತಿಗೆ ಲಕ್ಷಕ್ಕೆ 6.98ಕ್ಕೆ ಏರಿದೆ. ಸ್ಕ್ಯಾನ್ ಮತ್ತು ಎಂಡೋಸ್ಕೋಪಿ ಹೆಚ್ಚಾಗಿ, ಮೊದಲು ಗೊತ್ತೇ ಆಗದಿದ್ದ ಸಣ್ಣ ಗೆಡ್ಡೆಗಳೂ ಕಣ್ಣಿಗೆ ಬೀಳುತ್ತಿರುವುದು ಈ ಏರಿಕೆಗೆ ಒಂದು ಮುಖ್ಯ ಕಾರಣ.

ಮಾತ್ರೆಯೂ 'ಹೈ' ಮಾಡುತ್ತದೆ

ಈ ಕೋಶಗಳು ಹಾರ್ಮೋನನ್ನು ಸಣ್ಣ ಸಣ್ಣ ಚೀಲಗಳಂಥ ಕಣಗಳಲ್ಲಿ ತುಂಬಿ ಇಟ್ಟುಕೊಂಡಿರುತ್ತವೆ. ಆ ಕಣಗಳೊಳಗೆ ಹಾರ್ಮೋನ್ ಜೊತೆ ಇರುವ ಪ್ರೋಟೀನೇ ಕ್ರೋಮೊಗ್ರಾನಿನ್ ಎ. ಹಾರ್ಮೋನ್ ಹೊರಬಿದ್ದಾಗ ಇದೂ ರಕ್ತಕ್ಕೆ ಬರುತ್ತದೆ. ಗೆಡ್ಡೆ ಇದ್ದರೆ ಇಂಥ ಕೋಶಗಳು ಹೆಚ್ಚು, ಹಾಗಾಗಿ ರಕ್ತದಲ್ಲಿ ಈ ಪ್ರೋಟೀನೂ ಹೆಚ್ಚು ಎಂಬುದು ಪರೀಕ್ಷೆಯ ಹಿಂದಿನ ತರ್ಕ. ತರ್ಕ ಸರಿಯೇ. ಆದರೆ ಈ ಕೋಶಗಳು ಗೆಡ್ಡೆಯಲ್ಲಷ್ಟೇ ಇರುವುದಿಲ್ಲ, ಎಲ್ಲರ ಹೊಟ್ಟೆಯಲ್ಲೂ ಇವೆ. ತೊಡಕು ಇಲ್ಲೇ.

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಮುಂತಾದ ಮಾತ್ರೆಗಳು ಜಠರದ ಆಮ್ಲವನ್ನು ತಗ್ಗಿಸುತ್ತವೆ. ಆಮ್ಲ ಕಡಿಮೆಯಾದದ್ದು ಗೊತ್ತಾದ ಕೂಡಲೇ ದೇಹ 'ಇನ್ನಷ್ಟು ಆಮ್ಲ ಬೇಕು' ಎಂದು ಗ್ಯಾಸ್ಟ್ರಿನ್ ಎಂಬ ಹಾರ್ಮೋನನ್ನು ಹೆಚ್ಚು ಸುರಿಸುತ್ತದೆ. ಆ ಗ್ಯಾಸ್ಟ್ರಿನ್ ಜಠರದ ಗೋಡೆಯ ನ್ಯೂರೋಎಂಡೋಕ್ರೈನ್ ಕೋಶಗಳನ್ನು ಚುರುಕುಗೊಳಿಸುತ್ತದೆ. ಅವು ಕ್ರೋಮೊಗ್ರಾನಿನ್ ಹೊರಹಾಕುತ್ತವೆ. ಗೆಡ್ಡೆ ಇಲ್ಲದೆಯೇ ರಿಪೋರ್ಟು 'ಹೈ' ಆಗುವುದು ಹೀಗೆ. ಅದಕ್ಕೆ ವರ್ಷಗಟ್ಟಲೆ ಬೇಕಿಲ್ಲ, ಕೆಲವು ದಿನ ನುಂಗಿದರೂ ಮಟ್ಟ ಏರಬಹುದು. ನಮ್ಮಲ್ಲಿ ಈ ಮಾತ್ರೆಯನ್ನು ಔಷಧಿ ಎಂದೇ ಲೆಕ್ಕಕ್ಕೆ ಇಡದವರು ಬಹಳ. 'ಏನಾದರೂ ಮಾತ್ರೆ ತಗೋತೀರಾ' ಎಂದರೆ ಬಿಪಿ, ಶುಗರ್ ಮಾತ್ರೆ ಹೇಳುತ್ತಾರೆ, ಇದನ್ನು ಬಿಡುತ್ತಾರೆ.

ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದರೆ, ಹೃದಯ ವೈಫಲ್ಯವಿದ್ದರೆ, ಲಿವರ್ ಕಾಯಿಲೆಯಿದ್ದರೆ, ಜಠರದ ಒಳಪದರ ಸವೆದುಹೋಗುವ ದೀರ್ಘಕಾಲದ ಗ್ಯಾಸ್ಟ್ರೈಟಿಸ್ ಇದ್ದರೂ ಈ ಅಂಕಿ ಏರಬಹುದು. ಇನ್ನೊಂದು ಕಡೆ, ಗೆಡ್ಡೆ ನಿಜವಾಗಿ ಇದ್ದೂ ಅಂಕಿ ಮಾಮೂಲಾಗಿರಬಹುದು. ಸಣ್ಣ ಗೆಡ್ಡೆಗಳಲ್ಲಿ, ಇನ್ಸುಲಿನ್ ಸುರಿಸುವ ಗೆಡ್ಡೆಗಳಲ್ಲಿ ಹೀಗಾಗುವುದು ಸಾಮಾನ್ಯ. ಅಂದರೆ 'ಹೈ' ಬಂದರೆ ಇದೆ ಎಂದಲ್ಲ, 'ನಾರ್ಮಲ್' ಬಂದರೆ ಇಲ್ಲ ಎಂದೂ ಅಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ಯಾವ ತೊಂದರೆಯೂ ಇಲ್ಲದ ಒಂದು ಲಕ್ಷ ಜನರಿಗೆ ಈ ಪರೀಕ್ಷೆ ಮಾಡಿಸಿದೆವು ಎಂದಿಟ್ಟುಕೊಳ್ಳಿ. ನೂರಕ್ಕೆ ಐದು ಜನರಲ್ಲಿ ಮಾತ್ರ ಸುಳ್ಳು 'ಹೈ' ಬರುತ್ತದೆ ಎಂದು ಉದಾರವಾಗಿಯೇ ಊಹಿಸೋಣ. ಆಗ ಸುಮಾರು 5,000 ಮಂದಿ ಗಾಬರಿಯಾಗುತ್ತಾರೆ. ಅಮೆರಿಕದ ಅಂಕಿಯನ್ನೇ ಹಿಡಿದರೆ ಆ ಲಕ್ಷದಲ್ಲಿ ಒಂದು ವರ್ಷಕ್ಕೆ ನೆಟ್ ಪತ್ತೆಯಾಗುವವರು ಏಳು ಜನ. ಆ ಏಳರಲ್ಲೂ ಎಲ್ಲರನ್ನೂ ಈ ಪರೀಕ್ಷೆ ಹಿಡಿಯುವುದಿಲ್ಲ. 'ಒಂದು ಹನಿ ರಕ್ತದಲ್ಲಿ ಕ್ಯಾನ್ಸರ್ ಪತ್ತೆ' ಎಂಬ ಬಗೆಯ ಫಾರ್ವರ್ಡ್‌ಗಳನ್ನು ನೋಡಿ ತಪಾಸಣೆಗೆಂದು ಸುಮ್ಮನೆ ಮಾಡಿಸುವ ಪರೀಕ್ಷೆ ಇದಲ್ಲ ಎಂದು ತಜ್ಞರು ಹೇಳುವುದು ಇದಕ್ಕೇ.

ಹಾಗಾದರೆ ಇದು ಪ್ರಯೋಜನಕ್ಕೇ ಬಾರದ್ದೇ? ಹಾಗೂ ಅಲ್ಲ. ಬಯಾಪ್ಸಿಯಲ್ಲಿ ನೆಟ್ ಖಚಿತವಾಗಿ, ಆರಂಭದಲ್ಲೇ ಕ್ರೋಮೊಗ್ರಾನಿನ್ ಏರಿದ್ದವರಲ್ಲಿ ಚಿಕಿತ್ಸೆ ಹೇಗೆ ಸಾಗುತ್ತಿದೆ ಎಂದು ಗಮನಿಸಲು ಸ್ಕ್ಯಾನ್‌ಗಳ ಜೊತೆಗೆ ಇದು ನೆರವಾಗಬಹುದು. ಆದರೆ ಪ್ರತಿ ಸಲವೂ ಅದೇ ಲ್ಯಾಬಿನಲ್ಲಿ, ಅದೇ ವಿಧಾನದಲ್ಲಿ ಮಾಡಿಸಬೇಕು. ಒಂದು ಕಂಪನಿಯ ಕಿಟ್‌ನಲ್ಲಿ ಬಂದ ಅಂಕಿಯನ್ನು ಇನ್ನೊಂದರ ಅಂಕಿಗೆ ಹೋಲಿಸಿದರೆ ಏರಿದೆಯೋ ಇಳಿದಿದೆಯೋ ತಿಳಿಯುವುದಿಲ್ಲ.

'ಹಾಗಿದ್ದರೆ ಮಾತ್ರೆ ನಿಲ್ಲಿಸಿ ಮತ್ತೆ ಪರೀಕ್ಷೆ ಮಾಡಿಸೋಣ' ಎನ್ನುವವರಿಗೆ

ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ಸಾಧ್ಯವಾದರೆ ಸುಮಾರು ಎರಡು ವಾರ ಮಾತ್ರೆ ಬಿಟ್ಟು ಮರುಪರೀಕ್ಷೆ ಮಾಡುವುದು ವೈದ್ಯರ ರೂಢಿ ನಿಜ. ಆದರೆ ಅದನ್ನು ಯಾರಿಗೆ ಹೇಳಬಹುದು, ಯಾರಿಗೆ ಹೇಳಬಾರದು ಎಂಬುದು ಅವರಿಗೆ ಗೊತ್ತಿರುತ್ತದೆ. ಗ್ಯಾಸ್ಟ್ರಿನೋಮಾ ಎಂಬ ನೆಟ್ ಇದೆ. ಇದು ತಾನೇ ಗ್ಯಾಸ್ಟ್ರಿನ್ ಸುರಿಸುತ್ತದೆ, ಜಠರದಲ್ಲಿ ಆಮ್ಲ ಉಕ್ಕುತ್ತದೆ, ಹುಣ್ಣಿನ ಮೇಲೆ ಹುಣ್ಣಾಗುತ್ತದೆ. 1955ರಲ್ಲಿ ಝೋಲಿಂಗರ್ ಮತ್ತು ಎಲಿಸನ್ ಎಂಬ ಇಬ್ಬರು ಸರ್ಜನ್‌ಗಳು ಇದನ್ನು ವಿವರಿಸಿದ್ದರಿಂದ ಅವರ ಹೆಸರೇ ಇದಕ್ಕಿದೆ. ಇಂಥವರು ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಹುಣ್ಣಿನಿಂದ ರಕ್ತಸ್ರಾವವಾಗಬಹುದು, ಕರುಳು ತೂತಾಗಲೂಬಹುದು.

ಇಲ್ಲೊಂದು ವಿಚಿತ್ರವಿದೆ. ಗ್ಯಾಸ್ಟ್ರಿನ್ ಗೆಡ್ಡೆಯಿಂದಲೂ ಏರುತ್ತದೆ, ಮಾತ್ರೆಯಿಂದಲೂ ಏರುತ್ತದೆ. ಎರಡನ್ನೂ ಬೇರೆ ಮಾಡುವುದು ಜಠರದ ಆಮ್ಲ. ಆಮ್ಲ ಕಡಿಮೆಯಿರುವಾಗ ಗ್ಯಾಸ್ಟ್ರಿನ್ ಏರಿದರೆ ಅದು ದೇಹದ ಸಹಜ ಪ್ರತಿಕ್ರಿಯೆ. ಜಠರದ ಪಿಎಚ್ 2ಕ್ಕಿಂತ ಕಡಿಮೆಯಿದ್ದು, ಅಂದರೆ ಆಮ್ಲ ತೀವ್ರವಾಗಿದ್ದೂ, ಉಪವಾಸದ ಗ್ಯಾಸ್ಟ್ರಿನ್ ಮಾಮೂಲಿನ ಹತ್ತು ಪಟ್ಟು ಮೀರಿದರೆ ಗೆಡ್ಡೆಯ ಅನುಮಾನ ಗಟ್ಟಿಯಾಗುತ್ತದೆ.

ಲಕ್ಷಣ ನೋಡಿ ಆಯ್ದ ಪರೀಕ್ಷೆ

ನೆಟ್‌ಗಳಲ್ಲಿ ಕೆಲವು ಒಂದು ನಿರ್ದಿಷ್ಟ ಹಾರ್ಮೋನನ್ನು ಸುರಿಸಿ ತಮ್ಮ ಇರವನ್ನು ತಾವೇ ತೋರಿಸಿಕೊಡುತ್ತವೆ. ರಕ್ತ ಮತ್ತು ಮೂತ್ರದ ಪರೀಕ್ಷೆಗೆ ನಿಜವಾದ ಬೆಲೆ ಬರುವುದು ಇಂಥ ಕಡೆ.

ಸಣ್ಣ ಕರುಳಿನ ನೆಟ್ ಸಿರೊಟೋನಿನ್ ಸುರಿಸಬಲ್ಲದು. ಅದು ಕರುಳಲ್ಲೇ ಇರುವವರೆಗೆ ಲಿವರ್ ಆ ಸಿರೊಟೋನಿನ್ ಅನ್ನು ಒಡೆದುಹಾಕುವುದರಿಂದ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ. ಗೆಡ್ಡೆ ಲಿವರ್‌ಗೇ ಹರಡಿದ ಮೇಲೆ ಹಾರ್ಮೋನ್ ನೇರ ರಕ್ತಕ್ಕೆ ಸೇರಿ ಮುಖ ಇದ್ದಕ್ಕಿದ್ದಂತೆ ಕೆಂಪೇರುವುದು, ನೀರಿನಂಥ ಭೇದಿ, ಕೆಲವರಿಗೆ ಉಬ್ಬಸ ಶುರುವಾಗುತ್ತವೆ. ಹೃದಯದ ಬಲಭಾಗದ ಕವಾಟಗಳಿಗೂ ಪೆಟ್ಟು ಬೀಳಬಹುದು. ಇದಕ್ಕೆ ಕಾರ್ಸಿನಾಯ್ಡ್ ಸಿಂಡ್ರೋಮ್ ಎನ್ನುತ್ತಾರೆ. ಸಿರೊಟೋನಿನ್ ಒಡೆದಾಗ ಆಗುವ 5-ಎಚ್‌ಐಎಎ ಎಂಬ ವಸ್ತುವನ್ನು 24 ಗಂಟೆಯ ಮೂತ್ರ ಸಂಗ್ರಹಿಸಿ ಅಳೆಯುತ್ತಾರೆ, ಈಗ ಕೆಲವೆಡೆ ರಕ್ತದಲ್ಲೂ ಅಳೆಯುತ್ತಾರೆ.

ಈ ಪರೀಕ್ಷೆಯನ್ನು ಕೆಡಿಸುವುದು ನಮ್ಮ ಅಡುಗೆಮನೆ. ಬಾಳೆಹಣ್ಣು, ಅನಾನಸ್, ಟೊಮೆಟೊ, ಬದನೆಕಾಯಿ, ಅಕ್ರೋಟು, ಬೆಣ್ಣೆಹಣ್ಣು ಇವುಗಳಲ್ಲೆಲ್ಲ ಸಿರೊಟೋನಿನ್ ಅಥವಾ ಅದರ ಸಂಬಂಧಿ ವಸ್ತುಗಳಿವೆ. ಹಿಂದಿನ ರಾತ್ರಿ ಎಣ್ಣೆಗಾಯಿ, ಟೊಮೆಟೊ ಸಾರು ಉಂಡು ಮೇಲೊಂದು ಬಾಳೆಹಣ್ಣು ತಿಂದು ಬೆಳಗ್ಗೆಯಿಂದ ಮೂತ್ರ ಸಂಗ್ರಹಿಸಿದರೆ ಅಂಕಿ ಗೆಡ್ಡೆಯಿಲ್ಲದೆಯೂ ಏರಬಹುದು. ಸಾಮಾನ್ಯವಾಗಿ ಪರೀಕ್ಷೆಗೆ ಎರಡು ಮೂರು ದಿನ ಮೊದಲಿನಿಂದ, ಸಂಗ್ರಹ ಮುಗಿಯುವವರೆಗೂ ಇವನ್ನು ಬಿಡಲು ಹೇಳುತ್ತಾರೆ. ಕೆಮ್ಮಿನ ಸಿರಪ್‌ಗಳಲ್ಲಿರುವ ಗ್ವಾಯ್‌ಫೆನೆಸಿನ್, ಜ್ವರದ ಪ್ಯಾರಾಸಿಟಮಾಲ್ ಕೂಡ ಕೆಲವು ಅಳತೆ ವಿಧಾನಗಳಲ್ಲಿ ಗೊಂದಲ ಮಾಡುತ್ತವೆ. ಲ್ಯಾಬಿನವರು ಕ್ಯಾನ್ ಕೊಡುವಾಗ ಪಥ್ಯದ ಚೀಟಿ ಕೊಡದಿದ್ದರೆ ಕೇಳಿ ಪಡೆಯಿರಿ.

ಇನ್ಸುಲಿನೋಮಾದ ಕತೆ ಬೇರೆ. ಇದು ಬೇಕಿರಲಿ ಬೇಡದಿರಲಿ ಇನ್ಸುಲಿನ್ ಸುರಿಸುತ್ತಲೇ ಇರುವ ಮೇದೋಜೀರಕದ ಗೆಡ್ಡೆ, ಸಾಮಾನ್ಯವಾಗಿ ಚಿಕ್ಕದು. ಬೆಳಗಿನ ಜಾವ, ಊಟ ತಡವಾದಾಗ ಬೆವರು, ನಡುಕ, ತೊದಲು ಮಾತು, ಪ್ರಜ್ಞೆ ತಪ್ಪುವುದು, ಸಕ್ಕರೆ ಬಾಯಿಗೆ ಹಾಕಿದರೆ ಸರಿಹೋಗುವುದು ಇದರ ಲಕ್ಷಣ. ಮೂರ್ಛೆರೋಗ ಅಥವಾ ಮಾನಸಿಕ ಕಾಯಿಲೆ ಎಂದುಕೊಂಡು ವರ್ಷಗಟ್ಟಲೆ ಅಲೆಯುವವರಿದ್ದಾರೆ. ಪತ್ತೆಗೆ ಆಸ್ಪತ್ರೆಯಲ್ಲಿ ದಾಖಲಿಸಿ 72 ಗಂಟೆಯವರೆಗೆ ಉಪವಾಸವಿಟ್ಟು ನೋಡುತ್ತಾರೆ. ರಕ್ತದ ಗ್ಲೂಕೋಸ್ 55 ಮಿಲಿಗ್ರಾಂಗಿಂತ ಕೆಳಗಿಳಿದಾಗ ಇನ್ಸುಲಿನ್ ಕೂಡ ತಗ್ಗಬೇಕು. ಆಗಲೂ ಇನ್ಸುಲಿನ್ 3 ಮೈಕ್ರೊಯೂನಿಟ್ ಅಥವಾ ಹೆಚ್ಚು, ಸಿ-ಪೆಪ್ಟೈಡ್ 0.6 ನ್ಯಾನೊಗ್ರಾಂ ಅಥವಾ ಹೆಚ್ಚು ಇದ್ದರೆ ಇನ್ಸುಲಿನ್ ದೇಹದೊಳಗಿನಿಂದಲೇ ಬರುತ್ತಿದೆ ಎಂದರ್ಥ. ಚುಚ್ಚಿಕೊಂಡ ಇನ್ಸುಲಿನ್ ಜೊತೆ ಸಿ-ಪೆಪ್ಟೈಡ್ ಬರುವುದಿಲ್ಲ. ಆದರೆ ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆ ನುಂಗಿದ್ದರೆ ಎರಡೂ ಏರುತ್ತವೆ. ಮನೆಯಲ್ಲಿ ಒಬ್ಬರಿಗೆ ಶುಗರ್ ಇದ್ದು ಮಾತ್ರೆ ಡಬ್ಬಿ ಅದಲುಬದಲಾಗುವುದು ನಮ್ಮ ಕಡೆ ಅಪರೂಪವಲ್ಲ. ಗೆಡ್ಡೆ ಹುಡುಕುವ ಮುನ್ನ ಅದನ್ನೂ ಪರೀಕ್ಷಿಸಿಯೇ ಮುಂದುವರಿಯುತ್ತಾರೆ.

ಅಡ್ರಿನಲ್ ಗ್ರಂಥಿಯ ಫಿಯೋಕ್ರೋಮೊಸೈಟೋಮಾದಲ್ಲಿ ಬಿಪಿ ಒಮ್ಮೆಲೇ ಜಿಗಿಯುವುದು, ತಲೆನೋವು, ಎದೆ ಡವಡವ, ಬೆವರು ಇರುತ್ತವೆ. ಇದಕ್ಕೆ ಮೆಟಾನೆಫ್ರಿನ್ ಪರೀಕ್ಷೆ. ರಕ್ತ ತೆಗೆಯುವ ಮೊದಲು 20-30 ನಿಮಿಷ ಅಂಗಾತ ಮಲಗಿರಬೇಕು, ಆಟೋ ಇಳಿದು ಓಡಿಬಂದು ಕುರ್ಚಿಯಲ್ಲಿ ಕೂತು ಕೊಟ್ಟರೆ ಸುಳ್ಳು ಏರಿಕೆ ಕಾಣಬಹುದು. ಥೈರಾಯ್ಡಿನ ಮೆಡ್ಯುಲರಿ ಕ್ಯಾನ್ಸರ್‌ಗೆ ಕ್ಯಾಲ್ಸಿಟೋನಿನ್ ಒಳ್ಳೆಯ ಸೂಚಕ. ಹಳೆಯ ಪರೀಕ್ಷೆಗಳಲ್ಲೊಂದಾದ ಎನ್‌ಎಸ್‌ಇ ಮಾತ್ರ ಬಹಳ ಸೂಕ್ಷ್ಮ. ಈ ಕಿಣ್ವ ಕೆಂಪು ರಕ್ತಕಣಗಳಲ್ಲೂ ಇರುವುದರಿಂದ ಸ್ಯಾಂಪಲ್ಲಿನಲ್ಲಿ ಕಣಗಳು ಒಡೆದರೆ ಸಾಕು, ಅಂಕಿ ಮೇಲೇರುತ್ತದೆ.

ತೀರ್ಮಾನ ಗಾಜಿನ ಸ್ಲೈಡ್ ಮೇಲೆ

ಬಹುತೇಕ ನೆಟ್‌ಗಳಲ್ಲಿ ಕೊನೆಯ ಮಾತು ರಕ್ತದ್ದಲ್ಲ, ಗೆಡ್ಡೆಯ ಚೂರಿನದು. ಇದಕ್ಕೊಂದು ಮುಖ್ಯ ಅಪವಾದವನ್ನು ಮೊದಲೇ ಹೇಳಿಬಿಡುತ್ತೇವೆ: ಫಿಯೋಕ್ರೋಮೊಸೈಟೋಮಾದ ಅನುಮಾನವಿದ್ದರೆ ಮೊದಲು ಮೆಟಾನೆಫ್ರಿನ್ ಪರೀಕ್ಷೆ ಆಗಲೇಬೇಕು. ಅದಿಲ್ಲದೆ ಸೂಜಿ ಚುಚ್ಚಿದರೆ ಹಾರ್ಮೋನ್ ಒಮ್ಮೆಲೇ ಸುರಿದು ಬಿಪಿ ಪ್ರಾಣಾಪಾಯದ ಮಟ್ಟಕ್ಕೆ ಏರಬಹುದು.

ಉಳಿದಂತೆ 'ಬಯಾಪ್ಸಿ ಮಾಡಿಸಿದರೆ ಕ್ಯಾನ್ಸರ್ ಹರಡುತ್ತದೆ' ಎಂಬ ಹಳೆಯ ಫಾರ್ವರ್ಡ್ ಇದೆಯಲ್ಲ, ಅದನ್ನು ನಂಬಿ ಬಯಾಪ್ಸಿ ಮುಂದೂಡುವವರಿಗೆ ಆಗುವ ನಷ್ಟವೇ ದೊಡ್ಡದು. ಸೂಜಿ ಹಾದ ದಾರಿಯಲ್ಲಿ ಕೋಶಗಳು ಸಿಕ್ಕಿಕೊಂಡ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ಇಲ್ಲವೆಂದಲ್ಲ, ಆದರೆ ಬಹಳ ವಿರಳ. ಚೂರು ನೋಡದೆ ಇದು ಯಾವ ಗೆಡ್ಡೆ, ಎಷ್ಟು ವೇಗದ್ದು ಎಂದು ಹೇಳಲು ಹೆಚ್ಚಿನ ಸಂದರ್ಭಗಳಲ್ಲಿ ಸಾಧ್ಯವಿಲ್ಲ. ಅದು ಗೊತ್ತಾಗದೆ ಸರಿಯಾದ ಚಿಕಿತ್ಸೆಯೂ ಇಲ್ಲ.

ಪ್ಯಾಥಾಲಜಿಸ್ಟ್ ಚೂರನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲಿಟ್ಟು ಬಣ್ಣ ಹಾಕಿ ನೋಡುತ್ತಾರೆ. ಆಕಾರ ನೋಡಿ ನೆಟ್ ಇರಬಹುದು ಅನ್ನಿಸಿದರೆ ಇಮ್ಯುನೊಹಿಸ್ಟೊಕೆಮಿಸ್ಟ್ರಿ ಮಾಡುತ್ತಾರೆ. ರಿಪೋರ್ಟಿನಲ್ಲಿ ಐಎಚ್‌ಸಿ ಎಂದಿರುತ್ತದೆ. ಒಂದು ನಿರ್ದಿಷ್ಟ ಪ್ರೋಟೀನಿಗೆ ಮಾತ್ರ ಅಂಟುವ ಆಂಟಿಬಾಡಿ ಹಾಕಿದಾಗ ಆ ಪ್ರೋಟೀನ್ ಇರುವ ಕಡೆ ಕಂದು ಬಣ್ಣ ಮೂಡುತ್ತದೆ. ರಕ್ತದಲ್ಲಿ ನಂಬಲರ್ಹವಲ್ಲದ ಅದೇ ಕ್ರೋಮೊಗ್ರಾನಿನ್ ಇಲ್ಲಿ ಬಹಳ ಉಪಯುಕ್ತ, ಏಕೆಂದರೆ ಈಗ ಪ್ರಶ್ನೆ 'ದೇಹದಲ್ಲೆಲ್ಲೋ ಇದೆಯೇ' ಎಂಬುದಲ್ಲ, 'ಈ ಗೆಡ್ಡೆಯ ಕೋಶದಲ್ಲಿ ಇದೆಯೇ' ಎಂಬುದು. ಜೊತೆಗೆ ಸಿನಾಪ್ಟೊಫೈಸಿನ್ ನೋಡುತ್ತಾರೆ, ಈಗೀಗ ಕೋಶಕೇಂದ್ರದಲ್ಲಿ ಬಣ್ಣ ತೋರಿಸುವ ಐಎನ್‌ಎಸ್‌ಎಮ್1 ಕೂಡ. ಸಿಡಿ56 ಸಹ ಮಾಡುತ್ತಾರೆ, ಆದರೆ ಅದು ಬೇರೆ ಗೆಡ್ಡೆಗಳಲ್ಲೂ ಬರುವುದರಿಂದ ಅದೊಂದನ್ನೇ ನೆಚ್ಚುವುದಿಲ್ಲ. ಲಿವರ್‌ನಲ್ಲಿ ಸಿಕ್ಕ ಗೆಡ್ಡೆ ಹುಟ್ಟಿದ್ದು ಎಲ್ಲಿ ಎಂಬುದಕ್ಕೂ ಸುಳಿವುಗಳಿವೆ: ಸಿಡಿಎಕ್ಸ್2 ಸಣ್ಣ ಕರುಳಿನ ಕಡೆಗೆ, ಟಿಟಿಎಫ್-1 ಶ್ವಾಸಕೋಶದ ಕಡೆಗೆ ಬೊಟ್ಟು ಮಾಡುತ್ತವೆ.

ಆಮೇಲಿನದು ಕೆಐ-67. ವಿಭಜನೆಗೆ ಇಳಿದ ಕೋಶಗಳಲ್ಲಿ ಮಾತ್ರ ಕಾಣುವ, ಸುಮ್ಮನಿರುವ ಕೋಶಗಳಲ್ಲಿ ಕಾಣದ ಪ್ರೋಟೀನ್ ಇದು. ಜರ್ಮನಿಯ ಕೀಲ್ ನಗರದ ಸಂಶೋಧಕರು 1983ರಲ್ಲಿ ಪ್ರಕಟಿಸಿದ ಕೆಲಸದಿಂದ ಬೆಳಕಿಗೆ ಬಂತು. ಊರಿನ ಹೆಸರಿನ ಮೊದಲೆರಡು ಇಂಗ್ಲಿಷ್ ಅಕ್ಷರ, ಅವರ ಪ್ರಯೋಗದ ತಟ್ಟೆಯಲ್ಲಿ ಅದು ಬೆಳೆದ ಗುಳಿಯ ಸಂಖ್ಯೆ 67, ಎರಡೂ ಸೇರಿ ಈ ಹೆಸರು. ಹೆಚ್ಚು ಬಣ್ಣ ಹಿಡಿದ ಜಾಗ ಹುಡುಕಿ ಕನಿಷ್ಠ 500 ಕೋಶ ಎಣಿಸಿ, ನೂರಕ್ಕೆ ಎಷ್ಟು ಎಂದು ಬರೆಯುತ್ತಾರೆ. ಜೀರ್ಣಾಂಗದ ನೆಟ್‌ಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದ ಪ್ರಕಾರ ಶೇ. 3ಕ್ಕಿಂತ ಕಡಿಮೆಯಿದ್ದರೆ ಗ್ರೇಡ್ 1, 3ರಿಂದ 20 ಇದ್ದರೆ ಗ್ರೇಡ್ 2, 20 ಮೀರಿದರೆ ಗ್ರೇಡ್ 3. ವಿಭಜನೆಯಾಗುತ್ತಿರುವ ಕೋಶಗಳ ನೇರ ಎಣಿಕೆಯನ್ನೂ ನೋಡಿ, ಎರಡರಲ್ಲಿ ಯಾವುದು ಮೇಲಿನ ಗ್ರೇಡ್ ಕೊಡುತ್ತದೋ ಅದನ್ನೇ ಹಿಡಿಯುತ್ತಾರೆ. ಶ್ವಾಸಕೋಶದ ನೆಟ್‌ಗಳಿಗೆ ನಿಯಮ ಬೇರೆ, ಅಲ್ಲಿ ಈ ನೇರ ಎಣಿಕೆಯೇ ಮುಖ್ಯ.

ಇಲ್ಲಿ ನಾವು ಪದೇಪದೇ ಕಾಣುವ ಎರಡು ತಪ್ಪು ಓದುಗಳಿವೆ. 'ಕೆಐ-67 15%' ಎಂದರೆ ಕ್ಯಾನ್ಸರ್ ದೇಹದ ಶೇ. 15ರಷ್ಟು ಹರಡಿದೆ ಎಂದಲ್ಲ, ಎಣಿಸಿದ ಗೆಡ್ಡೆಯ ಕೋಶಗಳಲ್ಲಿ ನೂರಕ್ಕೆ ಹದಿನೈದು ವಿಭಜನೆಯ ಹಾದಿಯಲ್ಲಿದ್ದವು ಎಂದು. ಇನ್ನೊಂದು, ಗ್ರೇಡ್ ಮತ್ತು ಸ್ಟೇಜ್ ಒಂದೇ ಎಂದುಕೊಳ್ಳುವುದು. ಗ್ರೇಡ್ ಗೆಡ್ಡೆಯ ವೇಗ, ಸ್ಟೇಜ್ ಅದು ಹರಡಿರುವ ದೂರ. ಗ್ರೇಡ್ 1 ಗೆಡ್ಡೆಯೂ ಲಿವರ್‌ಗೆ ಹರಡಿ ಸ್ಟೇಜ್ 4 ಆಗಿರಬಹುದು, ಹಾಗಿದ್ದೂ ವರ್ಷಗಳ ಕಾಲ ನಿಧಾನವಾಗಿಯೇ ಇರಬಹುದು. 1907ರಲ್ಲಿ ಮ್ಯೂನಿಕ್‌ನ ಪ್ಯಾಥಾಲಜಿಸ್ಟ್ ಸೀಗ್‌ಫ್ರೀಡ್ ಓಬರ್ನ್‌ಡಾರ್ಫರ್ ಕರುಳಿನ ಇಂಥ ಗೆಡ್ಡೆಗಳಿಗೆ 'ಕಾರ್ಸಿನಾಯ್ಡ್', ಅಂದರೆ ಕ್ಯಾನ್ಸರಿನಂಥದು, ಎಂದು ಹೆಸರಿಟ್ಟಿದ್ದರು. ಇವು ಹರಡಬಲ್ಲವು ಎಂದು 1929ರಲ್ಲಿ ಅವರೇ ಒಪ್ಪಿಕೊಂಡರು. ಹೆಸರು ಮಾತ್ರ ಉಳಿದು ಇಂದಿಗೂ 'ಇದು ಕ್ಯಾನ್ಸರ್ ಅಲ್ಲವಂತೆ' ಎಂಬ ತಪ್ಪು ಸಮಾಧಾನ ಕೊಡುತ್ತಿದೆ.

ಗ್ರೇಡ್ 3 ಎಂದಾಗ ಇನ್ನೊಂದು ಪ್ರಶ್ನೆ ಬಾಕಿಯಿರುತ್ತದೆ. ಕೋಶಗಳು ಇನ್ನೂ ತಮ್ಮ ಮೂಲ ರೂಪ ಉಳಿಸಿಕೊಂಡ ನೆಟ್ ಇದೆಯೇ, ಅಥವಾ ರೂಪ ಕಳೆದುಕೊಂಡ, ಬಹಳ ಉಗ್ರವಾದ ನ್ಯೂರೋಎಂಡೋಕ್ರೈನ್ ಕಾರ್ಸಿನೋಮಾ ಇದೆಯೇ? ಎರಡಕ್ಕೂ ಕೆಐ-67 20ರ ಮೇಲೇ ಇರುತ್ತದೆ. ಆದರೆ ಚಿಕಿತ್ಸೆಯ ದಾರಿ ಬೇರೆ, ಎರಡನೆಯದಕ್ಕೆ ಸಾಮಾನ್ಯವಾಗಿ ಪ್ಲಾಟಿನಂ ಆಧಾರಿತ ಕೀಮೋ. ಆಕಾರದಿಂದ ತೀರ್ಮಾನವಾಗದಿದ್ದಾಗ ಪಿ53 ಅಸಹಜವಾಗಿದೆಯೇ, ಆರ್‌ಬಿ ಎಂಬ ಪ್ರೋಟೀನ್ ಕಾಣೆಯಾಗಿದೆಯೇ ಎಂದು ನೋಡುತ್ತಾರೆ, ಇವು ಕಾರ್ಸಿನೋಮಾದ ಕಡೆ ವಾಲಿಸುತ್ತವೆ. ಒಬ್ಬ ರೋಗಿಯ ಮುಂದಿನ ವರ್ಷಗಳು ಈ ಕಂದು ಬಣ್ಣದ ಮೇಲೆ ನಿಂತಿರುತ್ತವೆ ಎಂದರೆ ಉತ್ಪ್ರೇಕ್ಷೆಯಲ್ಲ. ಹಾಗಾಗಿಯೇ ಈ ಹಂತದಲ್ಲಿ ಸೆಕೆಂಡ್ ಒಪೀನಿಯನ್ ಕೇಳುವುದು ಡಾಕ್ಟರ ಮೇಲಿನ ಅಪನಂಬಿಕೆಯಲ್ಲ.

ಆಸ್ಪತ್ರೆಗೆ ಹೋಗುವಾಗ

ದಿನಾ ನುಂಗುವ ಎಲ್ಲ ಮಾತ್ರೆಗಳನ್ನೂ, ಗ್ಯಾಸ್ಟ್ರಿಕ್‌ನದನ್ನೂ ಸೇರಿಸಿ, ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಅಥವಾ ಸ್ಟ್ರಿಪ್‌ಗಳ ಫೋಟೊ ತೆಗೆದಿಟ್ಟುಕೊಳ್ಳಿ. ಮೊದಲ ಪರೀಕ್ಷೆ ಮಾಡಿದ ಲ್ಯಾಬಿನ ರಿಪೋರ್ಟನ್ನು ಎಸೆಯಬೇಡಿ. ಸೆಕೆಂಡ್ ಒಪೀನಿಯನ್‌ಗೆ ಹೋಗುವಾಗ ಬಯಾಪ್ಸಿಯ ರಿಪೋರ್ಟಿನ ಜೊತೆ ಸ್ಲೈಡ್‌ಗಳನ್ನೂ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ. ಬ್ಲಾಕ್ ಇದ್ದರೆ ಮತ್ತೆ ಚುಚ್ಚದೆಯೇ ಹೊಸ ಐಎಚ್‌ಸಿ ಮಾಡಬಹುದು. ಅದರ ಮೇಲಿನ ನಂಬರು ರಿಪೋರ್ಟಿನ ನಂಬರಿಗೆ ಹೊಂದುತ್ತದೆಯೇ ಎಂದು ಕೌಂಟರಿನಲ್ಲೇ ನೋಡಿಕೊಳ್ಳಿ. ಮೇಣವಾದ್ದರಿಂದ ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟುಹೋಗಬೇಡಿ.